ಸ್ವಂತ ವೆಬ್‌ಸೈಟ್ ಎಲ್ಲರ ಕೈಗೂ ಎಟುಕುವಂತೆ ಕಟ್ಟುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಯುಗಾದಿಗೆ ಮಂಡ್ಯಕ್ಕೆ ಹೋಗಿದ್ದಾಗ ಚಿಕ್ಕಮ್ಮನ ಮಗನಿಗೆ ನನ್ನ ಹೊಸ ವೆಬ್‌ಸೈಟಿನ ವಿಳಾಸ ಕಳಿಸಿದೆ. ಅವನಿಗೆ ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. ಜಗಲಿಯ ಮೇಲೆ ಕೂತು, ಪರದೆಯ ಮೇಲಿರುವುದನ್ನು ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್‌ನಲ್ಲಿ ಕೇಳತೊಡಗಿದ. ಫೋನು ಇಂಗ್ಲಿಷ್ ದನಿಯಲ್ಲಿ “ಐಎಂಜಿ ಅಂಡರ್‌ಸ್ಕೋರ್ ಟೂ ಝೀರೋ ಟೂ ತ್ರೀ” ಎಂದಿತು. ಆಮೇಲೆ “ಲಿಂಕ್” ಎಂದಿತು, ಮತ್ತೆ “ಲಿಂಕ್” ಎಂದಿತು. ನಾನು ಒಂದು ವಾರ ಕೂತು ಬರೆದಿದ್ದ ನಾಲ್ಕು ಪ್ಯಾರಾ ಬಂದಾಗ ಏನೂ ಹೇಳಲಿಲ್ಲ, ಸುಮ್ಮನಾಯಿತು. “ಅಕ್ಕಾ, ಫೇಸ್‌ಬುಕ್ಕಲ್ಲಿ ನೀನ್ ಬರೆದಿದ್ದೆಲ್ಲ ಕೇಳ್ಕತಿದ್ದೆ ಕಣಕ್ಕ. ಇದ್ರಲ್ಲಿ ಏನೂ ಗೊತ್ತಾಯ್ತಿಲ್ಲ,” ಅಂದ.

ಆ ಮಾತು ನಾಟಿತು. ಇದು ಯಾವ ಭಾಷೆ ಎಂದು ಫೋನಿಗೆ ತಿಳಿಸುವುದು, ಬಟನ್‌ಗಳಿಗೆ ಹೆಸರಿಡುವುದು, ಫೋಟೊದಲ್ಲಿ ಏನಿದೆ ಎಂದು ಅಂದಾಜಿಸಿ ಹೇಳುವುದು, ಇದನ್ನೆಲ್ಲ ಫೇಸ್‌ಬುಕ್ಕಿನಲ್ಲಿ ಅಲ್ಲಿನ ಎಂಜಿನಿಯರುಗಳು ಮಾಡಿಟ್ಟಿದ್ದರು. ಫೋಟೊಗೆ ತಾನಾಗಿ ವಿವರಣೆ ಬರುವ ಸೌಲಭ್ಯವನ್ನು ಅವರು 2016ರಲ್ಲೇ ತಂದಿದ್ದರು. ಅಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ಹೊರಟಾಗ ನನ್ನ ಬರಹಗಳನ್ನು ಮಾತ್ರ ತಂದೆ. ಆ ಕೆಲಸ ಅಲ್ಲೇ ಉಳಿಯಿತು. ಸ್ವಂತ ಜಾಗಕ್ಕೆ ಬಂದ ಮೇಲೆ ಅದನ್ನು ಮಾಡಬೇಕಾದವಳು ನಾನೇ, ಬೇರೆ ಯಾರೂ ಇಲ್ಲ.

ಇಂಡೀವೆಬ್ ಎಂದು ಕರೆಸಿಕೊಳ್ಳುವ ಚಳವಳಿ 2011ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನಡೆದ ಮೊದಲ ಶಿಬಿರದಿಂದ ಬೆಳೆದದ್ದು. ಬರೆದದ್ದು ಮೊದಲು ನಿಮ್ಮ ಸ್ವಂತ ತಾಣದಲ್ಲಿ ಬರಲಿ, ಆಮೇಲೆ ಬೇಕಾದರೆ ಬೇರೆಡೆಗೆ ಅದರ ಪ್ರತಿ ಹೋಗಲಿ ಎಂಬುದು ಅದರ ಮುಖ್ಯ ವಿಚಾರ. ಈ ವಿಚಾರ ನನಗೆ ಪೂರ್ತಿ ಒಪ್ಪಿಗೆ. ಲಾಗಿನ್ ಕೇಳದ, ಜಾಹೀರಾತು ಎರಚದ ಪುಟ ಓದುಗರಿಗೂ ಮರ್ಯಾದೆ ಕೊಡುತ್ತದೆ. ಆದರೆ ಬರೆಯುವವರಿಗೆ ಸಿಕ್ಕ ಸ್ವಾತಂತ್ರ್ಯ ಓದುವವರಿಗೂ ಸಿಗಬೇಕಲ್ಲ? ಮೈಸೂರಿನಲ್ಲಿ ನಾವೊಂದಿಷ್ಟು ಜನ ತಿಂಗಳಿಗೊಮ್ಮೆ ಸೇರಿ ವೆಬ್‌ಸೈಟ್ ಕಟ್ಟುವಾಗ ಕಲಿತದ್ದನ್ನು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಏನನ್ನೂ ತಿದ್ದುವ ಮೊದಲು ನಿಮ್ಮ ಪುಟವನ್ನು ಕಿವಿಯಿಂದ ಕೇಳಿ

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋದರೆ ಟಾಕ್‌ಬ್ಯಾಕ್ ಸಿಗುತ್ತದೆ. ಆನ್ ಮಾಡುವ ಮೊದಲು ಆಫ್ ಮಾಡುವುದನ್ನು ತಿಳಿದುಕೊಂಡಿರಿ, ಇಲ್ಲದಿದ್ದರೆ ಗಾಬರಿಯಾಗುತ್ತದೆ. ಅದೇ ಸೆಟ್ಟಿಂಗ್‌ನಲ್ಲಿ ಟಾಕ್‌ಬ್ಯಾಕ್‌ನ ಶಾರ್ಟ್‌ಕಟ್ ಆನ್ ಇದ್ದರೆ ವಾಲ್ಯೂಮಿನ ಎರಡೂ ಬಟನ್‌ಗಳನ್ನು ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಸಾಕು. ಟಾಕ್‌ಬ್ಯಾಕ್ ಆನ್ ಇರುವಾಗ ಒಮ್ಮೆ ಮುಟ್ಟಿದರೆ ಫೋನು ಓದಿ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ, ಎರಡು ಬೆರಳಲ್ಲಿ ಸರಿಸಿದರೆ ಪುಟ ಸರಿಯುತ್ತದೆ. ಫೋನಿನ ಪಠ್ಯದಿಂದ ಮಾತಿನ ಸೆಟ್ಟಿಂಗ್‌ನಲ್ಲಿ ಕನ್ನಡದ ದನಿಯನ್ನೂ ಇಳಿಸಿಕೊಳ್ಳಿ.

ಟಾಕ್‌ಬ್ಯಾಕ್‌ನಂತೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ವಿಂಡೋಸ್ ಕಂಪ್ಯೂಟರ್ ಇದ್ದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪೂರ್ತಿ ಉಚಿತ. ಕಣ್ಣು ಕಾಣದ ಆಸ್ಟ್ರೇಲಿಯನ್ನರೊಬ್ಬರು 2006ರಲ್ಲಿ ಶುರುಮಾಡಿ, ಕಣ್ಣು ಕಾಣದ ಗೆಳೆಯರೊಬ್ಬರ ಜೊತೆ ಸೇರಿ ಬೆಳೆಸಿದ ಕೆಲಸ ಅದು. ಇಸ್ಪೀಕ್ ಎಂಬ ದನಿಯ ಮೂಲಕ ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ, ಇಂಪಾಗಿಲ್ಲ, ಆದರೆ ಅಕ್ಷರ ಸ್ಪಷ್ಟ. ಎಚ್ ಕೀ ಒತ್ತಿದರೆ ಒಂದು ಹೆಡ್ಡಿಂಗಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಇನ್ಸರ್ಟ್ ಕೀ ಹಿಡಿದು ಎಫ್7 ಒತ್ತಿದರೆ ಪುಟದ ಲಿಂಕುಗಳೆಲ್ಲ ಪಟ್ಟಿಯಾಗಿ ಬರುತ್ತವೆ.

ಈಗ ಕಣ್ಣು ಮುಚ್ಚಿಕೊಂಡು ನಿಮ್ಮದೇ ಮುಖಪುಟದಿಂದ ನಿಮ್ಮದೇ ಒಂದು ಬರಹಕ್ಕೆ ಹೋಗಿ. ಎಲ್ಲಿ ಸಿಕ್ಕಿಬಿದ್ದಿರೋ ಅದನ್ನು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನ ಹೆಜ್ಜೆಗಳಲ್ಲಿ ಯಾವುದು ನಿಮಗೆ ತುರ್ತು ಎಂಬುದನ್ನು ಆ ಹಾಳೆಯೇ ಹೇಳುತ್ತದೆ.

ಹೆಜ್ಜೆ 2: ಇದು ಕನ್ನಡ ಎಂದು ಯಂತ್ರಕ್ಕೆ ಹೇಳಿ

ನನ್ನ ನಾಲ್ಕು ಪ್ಯಾರಾ ಮೌನವಾದದ್ದು ಇಲ್ಲಿ. ಎಲ್ಲಿಂದಲೋ ತಂದ ಟೆಂಪ್ಲೇಟಿನಲ್ಲಿ, ಅಂದರೆ ಪುಟದ ಸಿದ್ಧ ಅಚ್ಚಿನಲ್ಲಿ, ಪುಟದ ಭಾಷೆ ಇಂಗ್ಲಿಷ್ ಎಂದು ಬರೆದಿತ್ತು. ಸ್ಕ್ರೀನ್ ರೀಡರ್ ಅದನ್ನು ನಂಬಿ ಇಂಗ್ಲಿಷ್ ದನಿಗೆ ಕೆಲಸ ಒಪ್ಪಿಸಿತು. ಆ ದನಿಗೆ ಕನ್ನಡದ ಅಕ್ಷರವೇ ಗೊತ್ತಿಲ್ಲ, ಹಾರಿಸಿಬಿಟ್ಟಿತು. ಪುಟದ ಕೋಡಿನಲ್ಲಿ ಬ್ರೌಸರಿಗೆ ಸೂಚನೆ ಕೊಡುವ ಗುರುತುಗಳಿಗೆ ಟ್ಯಾಗ್ ಎನ್ನುತ್ತಾರೆ. ಮೊಟ್ಟಮೊದಲ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ‘ಲ್ಯಾಂಗ್’ ಎಂಬಲ್ಲಿ ಕೆ, ಎನ್ ಎಂಬ ಎರಡು ಇಂಗ್ಲಿಷ್ ಅಕ್ಷರ ಹಾಕಿದರೆ ಇದು ಸರಿಹೋಗುತ್ತದೆ. ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶ ಬಳಸುವವರು ಕೋಡ್ ಮುಟ್ಟಬೇಕಿಲ್ಲ, ಜನರಲ್ ಸೆಟ್ಟಿಂಗ್ಸ್‌ನಲ್ಲಿ ಸೈಟಿನ ಭಾಷೆ ಕನ್ನಡ ಎಂದು ಆರಿಸಿದರಾಯಿತು. ನಡುವೆ ಒಂದು ಇಡೀ ಪ್ಯಾರಾ ಇಂಗ್ಲಿಷ್ ಇದ್ದರೆ ಆ ಪ್ಯಾರಾದ ಟ್ಯಾಗಿಗೆ ಮಾತ್ರ ಇಂಗ್ಲಿಷ್ ಎಂದು ಗುರುತು ಹಾಕಿ.

ವೆಬ್‌ಏಮ್ ಎಂಬ ಅಮೆರಿಕದ ಸಂಸ್ಥೆ 2019ರಿಂದ ಪ್ರತಿ ವರ್ಷ ಹತ್ತು ಲಕ್ಷ ಮುಖಪುಟಗಳನ್ನು ತಪಾಸಣೆ ಮಾಡುತ್ತದೆ. 2025ರಲ್ಲಿ ಅವುಗಳ ಪೈಕಿ ಶೇ 94.8ರಲ್ಲಿ ತಪ್ಪು ಸಿಕ್ಕಿತು. ಆರು ಬಗೆಯ ತಪ್ಪುಗಳೇ ಮತ್ತೆ ಮತ್ತೆ ಬರುತ್ತವೆ: ಮಂಕು ಬಣ್ಣ, ವಿವರಣೆ ಇಲ್ಲದ ಚಿತ್ರ, ಹೆಸರಿಲ್ಲದ ಫಾರಂ ಖಾನೆ, ಖಾಲಿ ಲಿಂಕು, ಖಾಲಿ ಬಟನ್, ಭಾಷೆ ನಮೂದಿಸದ ಪುಟ. ಆರರಲ್ಲಿ ಒಂದು ಈಗಷ್ಟೇ ಮುಗಿಯಿತು.

ಆದರೆ ಕನ್ನಡದವರಿಗೆ ಇಲ್ಲಿ ಇನ್ನೂ ಎರಡು ಕೆಲಸವಿದೆ. ಹೊರದೇಶದ ಮಾರ್ಗದರ್ಶಿಗಳಲ್ಲಿ ಇವು ಸಿಗುವುದಿಲ್ಲವಾದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಒಂದು, ಹಳೆಯ ನುಡಿ ಮತ್ತು ಬರಹ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಬರಹ. ಡಿಟಿಪಿ ಅಂಗಡಿಯಿಂದ ಬಂದ ಎಷ್ಟೋ ಲೇಖನ ಇನ್ನೂ ಹಾಗೇ ಇವೆ. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರವನ್ನು ಬಿಡಿಸಿ ತೋರಿಸುತ್ತದೆ. ಕಣ್ಣಿಗೆ ಕನ್ನಡ, ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಓದುವುದು ಒಳಗಿನದನ್ನೇ. ಸರ್ಚ್‌ಗೂ ಅದು ಸಿಗುವುದಿಲ್ಲ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಅರ್ಕಾವೊತ್ತು, ದೀರ್ಘ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಅಲ್ಲೇ ಎಡವುವುದು.

ಇನ್ನೊಂದು, ಸೊನ್ನೆ. ‘ಅಂಕೆ’ ಎಂದು ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿಬಿಡುವವರು ಬಹಳ. ‘ಅಂಕೆ’, ‘ಅ೦ಕೆ’: ಎರಡೂ ಒಂದೇ ಥರ ಕಾಣುತ್ತವೆ, ಆದರೆ ಎರಡನೆಯದರ ನಡುವೆ ಇರುವುದು ಲೆಕ್ಕದ ಸೊನ್ನೆ. ಸ್ಕ್ರೀನ್ ರೀಡರ್ ಪದವನ್ನು ಮುರಿದು ನಡುವೆ ಸೊನ್ನೆ ಎಂದು ಓದುತ್ತದೆ. ಹುಡುಕಿ ಬದಲಾಯಿಸುವ ಸೌಲಭ್ಯದಲ್ಲಿ ಇಡೀ ತಾಣವನ್ನು ಜಾಲಾಡಿ. ನನ್ನ ಹಳೆಯ ಬರಹಗಳಲ್ಲಿ ಇದು ನೂರಾರು ಕಡೆ ಇತ್ತು.

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಯಾವ ದನಿಯೂ ಅದನ್ನು ನೆಟ್ಟಗೆ ಓದಲಾರದು. ಕನ್ನಡ ಲಿಪಿಯಲ್ಲೇ ಬರೆಯಿರಿ.

ಹೆಜ್ಜೆ 3: ಚಿತ್ರಕ್ಕೆ ಮಾತು ಕೊಡಿ

ಚಿತ್ರದ ಟ್ಯಾಗಿನಲ್ಲಿ ‘ಆಲ್ಟ್’ ಎಂಬ ಜಾಗವಿದೆ. ವರ್ಡ್‌ಪ್ರೆಸ್, ಬ್ಲಾಗರ್ ಎಲ್ಲದರಲ್ಲೂ ಚಿತ್ರ ಏರಿಸುವಾಗ ಅದಕ್ಕೊಂದು ಖಾನೆ ಇರುತ್ತದೆ. ಟ್ಯಾಗಿನಲ್ಲಿ ಆಲ್ಟ್ ಎಂಬುದೇ ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಎಷ್ಟೋ ಸಲ ಫೈಲಿನ ಹೆಸರನ್ನೇ ಓದುತ್ತದೆ. ಜಗಲಿಯ ಮೇಲೆ ಕೇಳಿದ್ದು ಅದೇ. ಅಂಚಿನ ಹೂಬಳ್ಳಿಯಂಥ ಬರೀ ಅಲಂಕಾರದ ಚಿತ್ರಕ್ಕೆ ಮಾತ್ರ ಟ್ಯಾಗಿನಲ್ಲಿ ಆಲ್ಟ್ ಇಟ್ಟು, ಅದರ ಉದ್ಧರಣ ಚಿಹ್ನೆಗಳ ನಡುವೆ ಖಾಲಿ ಬಿಡಿ. ಆಗ ಸ್ಕ್ರೀನ್ ರೀಡರ್ ಅದನ್ನು ದಾಟಿ ಹೋಗುತ್ತದೆ.

ಉಳಿದ ಚಿತ್ರಕ್ಕೆ ಏನು ಬರೆಯಬೇಕು? ಪಾಂಡವಪುರದ ಕಡೆ ಒಂದು ಆಲೆಮನೆಯಲ್ಲಿ ತೆಗೆದ ಫೋಟೊ ನನ್ನ ತಾಣದಲ್ಲಿದೆ. ಮೊದಲು ‘ಆಲೆಮನೆ’ ಎಂದಷ್ಟೇ ಬರೆದಿದ್ದೆ. ಅದು ಮೇಲಿನ ಹೆಡ್ಡಿಂಗಿನಲ್ಲೇ ಇತ್ತು, ಹೊಸದೇನೂ ತಿಳಿಯುವುದಿಲ್ಲ. ಆಮೇಲೆ ಹೀಗೆ ಬರೆದೆ: “ಒಲೆಯ ಮೇಲಿನ ಅಗಲ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ನೊರೆಯುಕ್ಕಿ ಕುದಿಯುತ್ತಿದೆ. ವಯಸ್ಸಾದ ಒಬ್ಬರು ಉದ್ದ ಹಿಡಿಯ ಸೌಟಿನಲ್ಲಿ ನೊರೆ ತೆಗೆಯುತ್ತಿದ್ದಾರೆ.” ತಮ್ಮನಿಗೆ ಕೇಳಿಸಿದೆ. “ಪಾಕ ಬಂದದಾ, ಇನ್ನೂ ಹಾಲೇನಾ?” ಅಂದ. ಅವನು ಆಲೆಮನೆಯ ಪಕ್ಕದಲ್ಲೇ ಬೆಳೆದವನು, ಕುದಿಯುವ ಸದ್ದಿನಲ್ಲೇ ಹದ ಹೇಳುತ್ತಾನೆ. ಕಣ್ಣಿದ್ದವರಿಗೆ ಫೋಟೊದಲ್ಲಿ ಅದು ಬಣ್ಣ ನೋಡಿದೊಡನೆ ತಿಳಿಯುತ್ತದೆ. ನಾನು ಬರೆದದ್ದರಲ್ಲಿ ಅದಿರಲಿಲ್ಲ. “ಹಾಲು ಇನ್ನೂ ತಿಳಿಯಾಗಿದೆ, ಪಾಕ ಬಂದಿಲ್ಲ” ಎಂದು ಸೇರಿಸಿದೆ.

ಅಲ್ಲಿಂದ ಆಲ್ಟ್ ಬರೆಯುವಾಗಲೆಲ್ಲ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ವಿಷಯ ಬಲ್ಲವರು ಚಿತ್ರ ಕಾಣದೆ ಕೂತಿದ್ದರೆ ನನ್ನನ್ನು ಏನು ಕೇಳುತ್ತಿದ್ದರು? ಜಂಬೂಸವಾರಿಯ ಫೋಟೊ ಆದರೆ 750 ಕಿಲೋ ತೂಕದ ಅಂಬಾರಿ ಎಂಬುದು ಎಲ್ಲರಿಗೂ ಗೊತ್ತು. ಅಂಬಾರಿ ಹೊತ್ತ ಆನೆ ಅರಮನೆ ಆವರಣದಲ್ಲೇ ಇದೆಯೋ, ಸಯ್ಯಾಜಿರಾವ್ ರಸ್ತೆಗೆ ಬಂದಿದೆಯೋ, ಜನ ಎಷ್ಟು ಹತ್ತಿರ ನಿಂತಿದ್ದಾರೆ ಎಂಬುದನ್ನು ಹೇಳಬೇಕು. ‘ಚಿತ್ರ’ ಎಂಬ ಪದದಿಂದ ಶುರುಮಾಡಬೇಡಿ, ಅದನ್ನು ಸ್ಕ್ರೀನ್ ರೀಡರೇ ಹೇಳುತ್ತದೆ. ಎರಡು ವಾಕ್ಯ ಸಾಕು. ಅದಕ್ಕಿಂತ ಹೆಚ್ಚು ಹೇಳಬೇಕಿದ್ದರೆ ಬರಹದೊಳಗೇ ಹೇಳಿ, ಎಲ್ಲರೂ ಓದಲಿ.

ಕವಿತೆಯನ್ನು, ಆಹ್ವಾನ ಪತ್ರಿಕೆಯನ್ನು ಚಿತ್ರವಾಗಿ ಹಾಕುವ ರೂಢಿ ನಮ್ಮಲ್ಲಿ ವಾಟ್ಸ್ಆ್ಯಪ್‌ನಿಂದ ಬಂದಿದೆ. ಬೇಕಾದರೆ ಚಿತ್ರವೂ ಇರಲಿ. ಆದರೆ ಕೆಳಗೆ ಅದೇ ಸಾಲುಗಳನ್ನು ಟೈಪ್ ಮಾಡಿ ಹಾಕಲೇಬೇಕು. ಇದರಲ್ಲಿ ರಾಜಿ ಬೇಡ.

ಹೆಜ್ಜೆ 4: ಹೆಡ್ಡಿಂಗು ಮತ್ತು ಲಿಂಕು

ಅಕ್ಷರ ದಪ್ಪ ಮಾಡಿದ ಮಾತ್ರಕ್ಕೆ ಅದು ಹೆಡ್ಡಿಂಗ್ ಆಗುವುದಿಲ್ಲ. ಪುಟದ ಶೀರ್ಷಿಕೆಗೆ ಮೊದಲ ದರ್ಜೆಯ ಹೆಡ್ಡಿಂಗ್, ಭಾಗಗಳಿಗೆ ಎರಡನೆಯದು, ಅದರೊಳಗಿನವಕ್ಕೆ ಮೂರನೆಯದು. ಅಕ್ಷರದ ಗಾತ್ರ ಚೆನ್ನಾಗಿ ಕಾಣುತ್ತದೆಂದು ದರ್ಜೆ ಹಾರಿಸಬೇಡಿ. ಉದ್ದನೆಯ ಬರಹದಲ್ಲಿ ತಮ್ಮನಂಥವರು ಎಚ್ ಒತ್ತಿ ಬೇಕಾದ ಭಾಗಕ್ಕೆ ನೇರ ಹೋಗುವುದು ಈ ದರ್ಜೆಗಳನ್ನು ಹಿಡಿದೇ.

ಲಿಂಕುಗಳ ಪಟ್ಟಿ ತೆರೆದಾಗ ‘ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಇನ್ನಷ್ಟು ಓದಿ’ ಎಂದು ಕೇಳಿಸಿದರೆ ಏನು ತಿಳಿಯುತ್ತದೆ? ‘ವಿಶ್ವೇಶ್ವರಯ್ಯ ನಾಲೆಯ ಬಗ್ಗೆ ಬರೆದದ್ದು’ ಎಂಬ ಪದಗಳನ್ನೇ ಲಿಂಕ್ ಮಾಡಿ.

ಹೆಜ್ಜೆ 5: ಕನ್ನಡದ ಅಕ್ಷರಕ್ಕೆ ಜಾಗ, ಬಣ್ಣಕ್ಕೆ ಗಾಢತೆ

ನಮ್ಮ ಲಿಪಿಗೆ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿಗೆ ಹೊಲಿದ ಟೆಂಪ್ಲೇಟಿನ ಸಾಲಿನ ಅಂತರ ನಮಗೆ ಸಾಲದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅಕ್ಷರದ ಎತ್ತರದ 1.7 ಪಟ್ಟು ಅಂತರ ಕೊಟ್ಟು ನೋಡಿ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಸೆಟ್ಟಿಂಗ್ ಬೇಡ. ಓರೆ ಅಕ್ಷರವೂ ಬೇಡ, ಕನ್ನಡ ಫಾಂಟುಗಳಲ್ಲಿ ಬಹುಪಾಲು ಅದು ಬ್ರೌಸರ್ ಬಲವಂತವಾಗಿ ಬಗ್ಗಿಸಿದ ಆಕಾರ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಹಾಕಿದರೆ ನಮ್ಮ ಉದ್ದುದ್ದ ಸಂಧಿಪದಗಳಿಂದಾಗಿ ಫೋನಿನ ಕಿರುಪರದೆಯಲ್ಲಿ ಪದಗಳ ನಡುವೆ ಗುಂಡಿ ಬೀಳುತ್ತದೆ. ಎಡಕ್ಕೆ ಹೊಂದಿಸಿ ಬಿಟ್ಟುಬಿಡಿ.

ವೆಬ್‌ನ ಅಂತರರಾಷ್ಟ್ರೀಯ ಸುಲಭಲಭ್ಯತೆ ಮಾನದಂಡದ ಈಗಿನ ಆವೃತ್ತಿ, 2.2, ಬಂದದ್ದು 2023ರ ಅಕ್ಟೋಬರಿನಲ್ಲಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು ಎಂದು ಅದು ಹೇಳುತ್ತದೆ. ಬಿಳಿಯ ಮೇಲೆ 999999 ಎಂಬ ಸಂಖ್ಯೆಯ ಬೂದು ಬಣ್ಣ ಹಾಕಿದರೆ ಸಿಗುವುದು 2.85 ಮಾತ್ರ. 777777 ಹಾಕಿದರೆ 4.48, ಕೂದಲೆಳೆಯಷ್ಟರಲ್ಲಿ ತಪ್ಪಿತು. 595959 ಹಾಕಿದರೆ 7, ನೆಮ್ಮದಿ. ಮೈಸೂರು ರೇಷ್ಮೆ ಸೀರೆಯ ನೆನಪಿನಲ್ಲಿ ನಾನು ಕೆನೆ ಬಣ್ಣದ ಮೇಲೆ ಜರಿಯ ಬಂಗಾರದ ಅಕ್ಷರ ಹಾಕಿದ್ದೆ. ತುಂಬ ಇಷ್ಟದ ಬಣ್ಣ. ಮಧ್ಯಾಹ್ನದ ಬಿಸಿಲಲ್ಲಿ ಗದ್ದೆ ಬದುವಿನ ಮೇಲೆ ನಿಂತು ಫೋನು ತೆರೆದ ಚಿಕ್ಕಪ್ಪನಿಗೆ ಒಂದಕ್ಷರ ಕಾಣಲಿಲ್ಲ. ಚಿಕ್ಕಪ್ಪನ ಕಣ್ಣಿಗೆ ಯಾವ ದೋಷವೂ ಇಲ್ಲ. ಬಂಗಾರವನ್ನು ಅಂಚಿನ ಗೆರೆಗೆ ಕಳಿಸಿ, ಅಕ್ಷರಕ್ಕೆ ಗಾಢ ಕಂದು ಕೊಟ್ಟೆ.

ಬೆರಳಲ್ಲಿ ಹಿಗ್ಗಿಸಿ ನೋಡುವುದನ್ನು ಕೆಲವು ಟೆಂಪ್ಲೇಟುಗಳು ತಡೆಯುತ್ತವೆ. ಪುಟದ ಕೋಡಿನಲ್ಲಿ ಪರದೆಯ ಅಳತೆ ಹೇಳುವ ‘ವ್ಯೂಪೋರ್ಟ್’ ಸಾಲಿನಲ್ಲಿ ಹಿಗ್ಗಿಸಲು ಬಿಡಬೇಡ ಎಂಬ ಸೂಚನೆ ಕಂಡರೆ ಅಳಿಸಿಹಾಕಿ. ಬ್ರೌಸರಿನಲ್ಲಿ ಪುಟವನ್ನು ಶೇ 200ಕ್ಕೆ ಹಿಗ್ಗಿಸಿದಾಗ ಏನೂ ಮರೆಯಾಗಬಾರದು.

ಹೆಜ್ಜೆ 6: ಪುಟದ ತೂಕ

ವೆಬ್ ಪುಟಗಳು ಬಳಸುವ ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ 3 ಬೈಟ್ ಬೇಕು. ಆದರೂ ಹತ್ತು ಸಾವಿರ ಚಿಹ್ನೆಗಳ ಉದ್ದನೆಯ ಬರಹ 30 ಕೆಬಿ ಅಷ್ಟೆ. ಭಾರ ಬರುವುದು ಫೋನಿನಿಂದ ಹಾಗೇ ಏರಿಸಿದ 4 ಎಂಬಿ ಫೋಟೊಗಳಿಂದ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ ಏರಿಸಿ. ಆಂಡ್ರಾಯ್ಡಿನಲ್ಲಿ ನೋಟೊ, ವಿಂಡೋಸಿನಲ್ಲಿ ನಿರ್ಮಲಾ ಎಂಬ ಕನ್ನಡ ಬರುವ ಫಾಂಟುಗಳು ಆಗಲೇ ಇವೆ, ಆದ್ದರಿಂದ ಬೇರೆ ಫಾಂಟ್ ಇಳಿಸುವಂತೆ ಓದುಗರ ಡೇಟಾ ಖರ್ಚು ಮಾಡಿಸಬೇಕಿಲ್ಲ. ಜೊತೆಗೆ, ಹೊಸ ಬರಹಗಳನ್ನು ಓದುಗರ ಫೀಡ್ ರೀಡರ್ ಆ್ಯಪಿಗೆ ತಾನಾಗಿ ತಲುಪಿಸುವ ಆರ್‌ಎಸ್‌ಎಸ್ ಫೀಡ್ ಕೊಡಿ. ಫೀಡ್ ರೀಡರಿನಲ್ಲಿ ಓದುವವರು ತಮಗೆ ಬೇಕಾದ ಗಾತ್ರ, ಬಣ್ಣ ತಾವೇ ಇಟ್ಟುಕೊಳ್ಳುತ್ತಾರೆ.

ಹೆಜ್ಜೆ 7: ಮೌಸ್ ಇಲ್ಲದೆ ಓಡಾಡಿ

ಟ್ಯಾಬ್ ಕೀ ಒತ್ತುತ್ತ ಹೋಗಿ. ಈಗ ಎಲ್ಲಿದ್ದೇನೆ ಎಂದು ತೋರಿಸುವ ಚೌಕಟ್ಟು ಕಾಣುತ್ತಿರಬೇಕು, ಅಂದಕ್ಕೆಂದು ಅದನ್ನು ತೆಗೆದುಹಾಕಬೇಡಿ. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಇರಲಿ. ಕೈ ನಡುಗುವವರಿಗೆ ಇನ್ನೂ ದೊಡ್ಡದಿದ್ದರೆ ಒಳ್ಳೆಯದು. ತಾನಾಗಿ ಓಡುವ ಸಾಲು, ಮಿನುಗುವ ದೀಪ ಬೇಡ.

ನಿಮ್ಮನ್ನು ಸಂಪರ್ಕಿಸಲು ಒಂದೇ ದಾರಿ ಇಡಬೇಡಿ. ಅಕ್ಷರ ಗುರುತಿಸಿ ಬರೆಯಿರಿ ಎನ್ನುವ ಕ್ಯಾಪ್ಚಾ ಚಿತ್ರ ಕಣ್ಣು ಕಾಣದವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಟೈಪ್ ಮಾಡಲು ಬಾರದವರು ಧ್ವನಿ ಸಂದೇಶ ಕಳಿಸುವಂತಿರಲಿ. ಹೆಣ್ಣುಮಕ್ಕಳಿಗೆ ಒಂದು ಮಾತು: ಸ್ವಂತ ಫೋನ್ ನಂಬರ್, ಮನೆ ವಿಳಾಸ ಪುಟದಲ್ಲಿ ಹಾಕಬೇಡಿ. ಅದಕ್ಕೆಂದೇ ಒಂದು ಇಮೇಲ್ ತೆರೆಯಿರಿ. ಡೊಮೇನ್, ಅಂದರೆ ತಾಣದ ವಿಳಾಸದ ಹೆಸರು, ಕೊಳ್ಳುವಾಗ ನಿಮ್ಮ ವಿವರ ಹೊರಗೆ ಕಾಣುತ್ತದೆಯೇ ಎಂದು ಕೇಳಿಯೇ ದುಡ್ಡು ಕಟ್ಟಿ. ಕಾವ್ಯನಾಮದಲ್ಲಿ ಬರೆಯುವುದು ನಮ್ಮ ಸಾಹಿತ್ಯಕ್ಕೆ ಹೊಸದೇನಲ್ಲ.

ಹೆಜ್ಜೆ 8: ಕಟ್ಟುವವರ ಕೂಟದಲ್ಲಿ ಯಾರಿದ್ದಾರೆ ನೋಡಿ

ಇಂಡೀವೆಬ್ ಶುರುವಾದದ್ದು ಕೋಡ್ ಬಲ್ಲವರಿಂದ. ಹಾಗಾಗಿ ಕೋಡ್ ಬಾರದವರಿಗೆ ಅದರ ಹೊಸ್ತಿಲು ಎತ್ತರ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಹೋಮ್‌ಬ್ರೂ ವೆಬ್‌ಸೈಟ್ ಕ್ಲಬ್ ಮಾದರಿಯಲ್ಲಿ ನಾವೂ ಸೇರತೊಡಗಿದಾಗ ಸಿಕ್ಕ ಜಾಗ ಎರಡನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಗಾಲಿಕುರ್ಚಿಯಲ್ಲಿ ಬಂದಿದ್ದ ಒಬ್ಬರು ಕೆಳಗಿನಿಂದಲೇ ವಾಪಸ್ ಹೋದರು. ಅವರು ಹೋದದ್ದು ನಮಗೆ ಗೊತ್ತಾದದ್ದು ಸಂಜೆ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ. ಈಗ ಸರಸ್ವತಿಪುರಂನ ಒಂದು ಮನೆಯ ನೆಲಮಹಡಿಯಲ್ಲಿ ಸೇರುತ್ತೇವೆ, ಗೇಟಿನಿಂದ ಒಳಗಿನವರೆಗೆ ಮೆಟ್ಟಿಲಿಲ್ಲ.

ನೀವು ಕೂಟ ಕರೆಯುವುದಾದರೆ ಜಾಗದ ಮೆಟ್ಟಿಲು, ಶೌಚಾಲಯದ ಬಾಗಿಲಿನ ಅಗಲ, ಬಸ್‌ಸ್ಟಾಪಿನಿಂದ ಎಷ್ಟು ದೂರ ಎಂಬುದನ್ನು ಆಹ್ವಾನದಲ್ಲೇ ಬರೆಯಿರಿ. ಮಂಡ್ಯ, ಮಳವಳ್ಳಿ ಕಡೆಯವರು ಹೊತ್ತು ಮುಳುಗುವ ಮುನ್ನ ಬಸ್ ಹಿಡಿಯುವಂತೆ ಬೆಳಿಗ್ಗೆಯೇ ಸೇರಿ. ಮಾತು ಕನ್ನಡದಲ್ಲಿರಲಿ. ಮೈಸೂರು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರು, ವಿಕಲಚೇತನರಿಗೆಂದೇ ಜೆಎಸ್‌ಎಸ್ ಪಾಲಿಟೆಕ್ನಿಕ್ ನಡೆಯುವ ಊರು. ಕಿವಿ ಕೇಳದ ಹುಡುಗ ಹುಡುಗಿಯರು ಇಲ್ಲಿ ಎಷ್ಟೋ ಜನ ಇದ್ದಾರೆ. ನಮ್ಮಲ್ಲಿ ಒಬ್ಬರು ಮಾತಾಡಿದ್ದನ್ನೆಲ್ಲ ಆಗಿಂದಾಗ್ಗೆ ಟೈಪ್ ಮಾಡಿ ಪರದೆಯ ಮೇಲೆ ತೋರಿಸುತ್ತಾರೆ. ಬರಲಾಗದವರು ಮನೆಯಿಂದಲೂ ಅದನ್ನು ಓದುತ್ತಾರೆ.

ಮಂಡ್ಯದ ಮಾತಿನಲ್ಲೇ ಬರೆದವರ ಭಾಷೆಯನ್ನು ತಿದ್ದಲು ಹೋಗಬೇಡಿ.

ಹೆಜ್ಜೆ 9: ಬಲ್ಲವರಿಂದ ಪರೀಕ್ಷೆ ಮಾಡಿಸಿ, ಸಂಭಾವನೆ ಕೊಡಿ

ತಪ್ಪು ಹುಡುಕುವ ತಂತ್ರಾಂಶಗಳು ಆಲ್ಟ್ ಇದೆಯೋ ಇಲ್ಲವೋ ಎಂದು ಹೇಳುತ್ತವೆ. ಪಾಕ ಬಂದಿದೆಯೋ ಎಂದು ಅವು ಕೇಳಲಾರವು. ಸ್ಕ್ರೀನ್ ರೀಡರನ್ನು ದಿನವೂ ಬಳಸುವವರೊಬ್ಬರನ್ನು ಒಂದು ಗಂಟೆ ಕೂರಿಸಿಕೊಳ್ಳಿ, ನಡುವೆ ಬಾಯಿ ಹಾಕಬೇಡಿ. ಅದು ಅವರ ಪರಿಣತಿ, ಅದಕ್ಕೆ ದುಡ್ಡು ಕೊಡಿ. ತಾಣದಲ್ಲಿ ಒಂದು ಸಣ್ಣ ಪುಟ ಮಾಡಿ, ಏನು ಸರಿಯಿದೆ, ಏನು ಬಾಕಿಯಿದೆ, ತೊಂದರೆಯಾದರೆ ಹೇಗೆ ತಿಳಿಸಬೇಕು ಎಂದು ಬರೆಯಿರಿ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೌಲಭ್ಯಗಳು ಎಟುಕುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಆನ್‌ಲೈನಿನಲ್ಲಿ ಗುರುತು ದೃಢಪಡಿಸುವ ಇ-ಕೆವೈಸಿಗೆ ಕಣ್ಣು ಮಿಟುಕಿಸಿ ಎಂದರೆ ಆಗದವರು ಹೂಡಿದ್ದ ಮೊಕದ್ದಮೆ ಅದು. ನಮ್ಮ ನಿಮ್ಮ ಪುಟ್ಟ ತಾಣಕ್ಕೆ ಯಾರೂ ನೋಟಿಸ್ ಕಳಿಸುವುದಿಲ್ಲ. ಆದರೂ ಮಾಡಬೇಕು.

ಹೆಜ್ಜೆ 10: ಸದ್ದಿಗೂ ಅಕ್ಷರ

ಇದನ್ನು ಕೊನೆಗೆ ಇಟ್ಟದ್ದು ಹೆಚ್ಚು ಸಮಯ ಬೇಡುವುದರಿಂದ. ವಿಡಿಯೊಗೆ ಸಬ್‌ಟೈಟಲ್, ಧ್ವನಿಮುದ್ರಣಕ್ಕೆ ಪೂರ್ತಿ ಬರಹ ಬೇಕು. ಯಂತ್ರ ತಾನಾಗಿ ಬರೆದ ಕನ್ನಡವನ್ನು ಊರ ಹೆಸರು, ಆಡುಮಾತುಗಳ ಕಡೆ ಗಮನವಿಟ್ಟು ತಿದ್ದಿ. ಮಾತಷ್ಟೇ ಅಲ್ಲ, ಅರ್ಥ ಕೊಡುವ ಸದ್ದನ್ನೂ ಬರೆಯಬೇಕು.

ತಮ್ಮ ಈಗ ತನ್ನದೇ ತಾಣ ಮಾಡಿಕೊಂಡಿದ್ದಾನೆ. ಒಂದೂ ಚಿತ್ರವಿಲ್ಲ. ಆಲೆಮನೆಯ ಮೂರು ನಿಮಿಷದ ಧ್ವನಿಮುದ್ರಣವಿದೆ, ಕಿವಿ ಕೇಳದವರಿಗಾಗಿ ಅದರ ಕೆಳಗೆ ಹೀಗೆ ಬರೆದಿದ್ದಾನೆ:

“ಗಾಣದ ಮೋಟರು. ಕಬ್ಬು ಸಿಗಿದ ಸದ್ದು. ಹಾಲು ಕೊಪ್ಪರಿಗೆಗೆ ಬೀಳ್ತಾ ಅದೆ, ಮೊದಲು ತಗಡಿನ ಸದ್ದು, ಆಮೇಲೆ ನೀರಿನ ಸದ್ದು. ಯಾರೋ ಕೆಮ್ಮಿದರು. ಕುದಿ ಶುರುವಾಯ್ತು, ಸಣ್ಣ ಗುಳ್ಳೆ. ಗುಳ್ಳೆ ದಪ್ಪ ಆಯ್ತು, ಸದ್ದು ನಿಧಾನ ಆಯ್ತು. ಈಗ ಪಾಕ ಬಂತು.”